ಕಂಡದ್ದು ಕಂಡಲ್ಲೇ

ಇಪ್ಪತ್ತೆರಡು ವರ್ಷಗಳ ಹಿಂದೆ ಸಂತ ಬ್ರಾಸರ ಚರ್ಚಿನ ನೆಲಮಾಳಿಗೆಯಲ್ಲಿ, ಡಬ್ಬಿ ಆಹಾರದ ಪೆಟ್ಟಿಗೆಗಳ ನಡುವೆ ನಿಂತು, ಫಿಲೊಮೆನಾ ಅರೂಡಾ ಒಂದು ಮಾತು ಕೊಟ್ಟಿದ್ದಳು. ಅವಳು ಆಗ ಸೇರಿದ್ದು ಬಡವರ ಸೇವೆಗೆಂದು ಚರ್ಚಿನ ಜನರೇ ಸೇರಿ ನಡೆಸುವ ಸಂಘ. ಅದರಲ್ಲಿ ಪಾದ್ರಿಗಳಿಲ್ಲ, ಸಿಸ್ಟರುಗಳಿಲ್ಲ. ಕಾರ್ಖಾನೆ, ಅಡುಗೆಮನೆ, ಬಸ್ಸು ಅಂತ ಹಗಲೆಲ್ಲ ದುಡಿದವರು ಮಂಗಳವಾರ ಸಂಜೆ ಅಲ್ಲಿ ಕೂಡುತ್ತಿದ್ದರು. ಆಗಿನ ಅಧ್ಯಕ್ಷೆ ದೋನಾ ಯುಲಾಲಿಯಾ ಹೊಸಬಳ ಎರಡೂ ಕೈ ಹಿಡಿದುಕೊಂಡು ಹೇಳಿದ್ದರು:

"ಸಹಾಯ ಕೇಳಿದೋರ ಮನೆಗೆ ಒಬ್ಬಳೇ ಹೋಗಬೇಡ, ಜೋಡಿಯಾಗಿ ಹೋಗು. ಒಳಗೆ ಬರಬಹುದಾ ಅಂತ ಕೇಳಿ ಹೋಗು. ಕೂತ್ಕೊ ಅಂದ್ರೆ ಕೂತ್ಕೊ, ಕಾಫಿ ಕೊಟ್ರೆ ಕುಡಿ. ಆದ್ರೆ ಕಂಡದ್ದು ಕಂಡಲ್ಲೇ ಬಿಟ್ಟು ಬಾ. ನಿನ್ನ ಗಂಡನಿಗೂ ತಿಳೀಬಾರದು. ಮಾತು ಕೊಡ್ತೀಯಾ?"

"ಕೊಟ್ಟೆ ದೋನಾ ಯುಲಾಲಿಯಾ."

ಒಂಬತ್ತು ವರ್ಷದ ಮಗಳು ಇನೇಸ್ ಪೆಟ್ಟಿಗೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತ ಇದನ್ನೆಲ್ಲ ಕೇಳಿಸಿಕೊಂಡಿದ್ದಳು.

ಆ ಮಾತು ಸುಲಭದ್ದಾಗಿರಲಿಲ್ಲ. ಒಂದು ಚಳಿಗಾಲ ಗಂಡ ಗಿಲ್ಬರ್ಟು ದಿನವೂ ಊಟಕ್ಕೆ ಕೂತಾಗ ತನ್ನ ಮೇಸ್ತ್ರಿಯನ್ನು ಬಯ್ಯುತ್ತಿದ್ದ. ಆ ಮೇಸ್ತ್ರಿಯ ಮನೆಯಲ್ಲಿ ಚಳಿ ಕಾಯಿಸುವ ಎಣ್ಣೆ ಒಲೆ ಉರಿಸಲೂ ಗತಿಯಿಲ್ಲದ್ದು, ಮಕ್ಕಳು ಕೋಟು ಹಾಕಿಕೊಂಡೇ ಮಲಗುವುದು ಫಿಲೊಮೆನಾಗೆ ಗೊತ್ತಿತ್ತು. ಬಾಯಿ ಬಿಡದೆ ಗಂಡನ ತಟ್ಟೆಗೆ ಬೀನ್ಸ್ ಬಡಿಸಿದ್ದಳು. ಆ ಮೇಸ್ತ್ರಿಯ ಹೆಂಡತಿಯ ಪಕ್ಕದಲ್ಲಿ ಭಾನುವಾರ ಪೂಜೆಗೆ ಕೂತು, ಅವಳ ಹೊಸ ಶಾಲು ಚೆನ್ನಾಗಿದೆ ಅಂದಿದ್ದಳು. ಆ ಶಾಲು ಸಂಘದ್ದೇ.

ಕಡಲಾಚೆಯಿಂದ ಬಂದ ಮಿಲ್ಲಿನ ಜನ ನೆಲೆಸಿದ ಫಾಲ್ ರಿವರ್ ಪಟ್ಟಣದ ಗುಡ್ಡದ ಓಣಿಯಲ್ಲಿ ಅವರದು ಮೂರು ಮಹಡಿಯ ಮರದ ಮನೆ. ಕೆಳಗೆ ಅತ್ತೆ ದೆವೊಲಿಂದಾ, ಎಂಬತ್ತನಾಲ್ಕು ವರ್ಷ. ಮಂಡಿ ಸೋತಿತ್ತು, ನಾಲಿಗೆ ಸೋತಿರಲಿಲ್ಲ. ನಡುವೆ ಗಿಲ್ಬರ್ಟು, ಫಿಲೊಮೆನಾ. ಮೇಲಿನದು ಬಾಡಿಗೆಗೆ. ಮೇಲಿದ್ದ ಮುದುಕಿ ಅಕ್ಟೋಬರಿನಲ್ಲಿ ಮಗನ ಮನೆಗೆ ಹೋದ ಮೇಲೆ ಅದು ಖಾಲಿ ಬಿದ್ದಿತ್ತು. ಪರದೆ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವ ಗಿಲ್ಬರ್ಟು ಸಂಜೆ ಹೊತ್ತು ಅದಕ್ಕೆ ಬಣ್ಣ ಬಳಿಯುತ್ತಿದ್ದ. ಅವನ ಜೊತೆ ಕೆಲಸ ಮಾಡುವ ವೆಲ್ಡರ್ ಒಬ್ಬ ಜನವರಿಯಿಂದ ಬರುವುದಾಗಿ ಹೇಳಿದ್ದ.

ಇನೇಸ್ ಈ ಮನೆಯ ಮೆಟ್ಟಿಲು ಹತ್ತಿ ಏಳು ವರ್ಷವಾಗಿತ್ತು. ಛಾವಣಿ ಹೊದಿಸುವ ಕೆಲಸದ ಕೈಲ್ ಎಂಬುವನನ್ನು ಅವಳು ಕಟ್ಟಿಕೊಂಡಾಗ ಗಿಲ್ಬರ್ಟು ಬಾಗಿಲಲ್ಲಿ ನಿಂತು, "ಹೋಗು. ನಾಳೆ ಕೈ ಚಾಚ್ಕೊಂಡು ಈ ಮೆಟ್ಟಿಲು ಹತ್ತಬೇಡ," ಅಂದಿದ್ದ. ಅವಳು ಹತ್ತಲಿಲ್ಲ. ನದಿಯಾಚೆ ಮನೆ ಮಾಡಿಕೊಂಡಿದ್ದಾಳೆ, ಇಬ್ಬರು ಮಕ್ಕಳು, ಗಂಡನಿಗೆ ಕೈತುಂಬ ಕೆಲಸ ಎಂದಷ್ಟೇ ತಿಳಿದಿತ್ತು. ಮಕ್ಕಳ ಹುಟ್ಟಿದಹಬ್ಬಕ್ಕೆ ಫಿಲೊಮೆನಾ ಹೋಗಿ ಬರುತ್ತಿದ್ದಳು. ಹೊತ್ತುಕೊಂಡು ಹೋದ ಸಿಹಿ ಬ್ರೆಡ್ಡು ಯಾರಿಗೆಂದು ಗಿಲ್ಬರ್ಟು ಕೇಳುತ್ತಿರಲಿಲ್ಲ.

ನವೆಂಬರಿನ ಎರಡನೇ ವಾರ ಸಂಘ ಕೊಡುವ ವಿಳಾಸದ ಚೀಟಿಯಲ್ಲಿ ಬರೆದಿದ್ದುದು ಇಷ್ಟೇ: ಹೆದ್ದಾರಿ ಪಕ್ಕದ ಮೋಟೆಲು, ಹದಿನಾಲ್ಕನೇ ಕೋಣೆ, ಹೆಂಗಸು, ಎರಡು ಮಕ್ಕಳು. ಆ ಮೋಟೆಲು ಪಕ್ಕದ ಚರ್ಚಿನ ಸರಹದ್ದಿನಲ್ಲಿತ್ತು. ಅಲ್ಲಿಯವರೆಲ್ಲ ಜ್ವರದಲ್ಲಿ ಮಲಗಿದ್ದರಿಂದ ಚೀಟಿ ಇವರ ಕೈಗೆ ಬಂದಿತ್ತು. ಫಿಲೊಮೆನಾಳ ಜೋಡಿ ಸೆನ್ಯೋರ್ ಅರ್ಮಿಂದು, ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿದವರು. ಇಬ್ಬರೂ ಕಾರಿನಲ್ಲೇ ಕೂತು ಒಂದು ಪ್ರಾರ್ಥನೆ ಹೇಳಿಕೊಂಡು ಇಳಿದರು.

ಬಾಗಿಲು ತೆಗೆದವಳು ಇನೇಸ್.

ಒಳಗೆ ಆರು ವರ್ಷದ ಲೂಕಸ್ ಹಾಸಿಗೆಯ ಮೇಲೆ ಪುಸ್ತಕ ಹರಡಿಕೊಂಡಿದ್ದ. ಚಿಕ್ಕವಳು ರೋಸಾ ಕೆಮ್ಮುತ್ತಿದ್ದಳು. ಹೀಟರಿನ ಮೇಲೆ ಒದ್ದೆ ಕಾಲುಚೀಲಗಳು. ಹಾಲಿನ ಕ್ಯಾನು ಕಿಟಕಿಯ ಹೊರಗಟ್ಟೆಯ ಮೇಲೆ, ಹಿಮದಲ್ಲಿ ಹೂತಿತ್ತು.

"ಒಳಗೆ ಬರಬಹುದಾ ಅಮ್ಮಾ?" ಎಂದು ಅರ್ಮಿಂದು, ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದರು.

ಮಕ್ಕಳು "ಅಜ್ಜೀ" ಎಂದು ಮೈಮೇಲೆ ಬಿದ್ದ ಮೇಲೆ ಇನ್ನೇನು ಮುಚ್ಚಿಡುವುದು? ಕೈಲ್‌ ಛಾವಣಿಯಿಂದ ಬಿದ್ದು ಭುಜ ಮುರಿದುಕೊಂಡಿದ್ದ. ಕೆಲಸ ಹೋಯಿತು; ಇದ್ದ ಮನೆಯನ್ನು ಮಾಲೀಕ ಮಾರಿದ. ಈಗ ಅವನು ಪೆಟ್ರೋಲ್ ಬಂಕಿನಲ್ಲಿ ಗಲ್ಲಾ ಮುಂದೆ ನಿಲ್ಲುತ್ತಿದ್ದ. ಐದು ವಾರದಿಂದ ಈ ಕೋಣೆ.

"ಒಂದು ಫೋನ್ ಮಾಡಬಾರದಾಗಿತ್ತೇನೇ?" ಫಿಲೊಮೆನಾಳ ದನಿ ಒಡೆಯಿತು.

"ಮಾಡಿದ್ನಲ್ಲ. ಆ ಕಡೆ ಚರ್ಚಿಗೆ. ನೀನು ಬರ್ತೀಯ ಅಂತ ಯಾರಿಗೆ ಗೊತ್ತಿತ್ತು?" ಇನೇಸ್ ಬಾಗಿಲು ಮುಚ್ಚಿ ಅದಕ್ಕೊರಗಿ ನಿಂತಳು. "ಬಂದಿದೀಯ ಸರಿ. ಸಂಘದೋಳಾಗಿ ಬಂದಿದೀಯ, ಸಂಘದೋಳಾಗೇ ಹೋಗು. ಅಪ್ಪನಿಗೆ ಹೇಳಬಾರದು. ನೀನು ಮಾತು ಕೊಟ್ಟಿದೀಯ, ನಾನೇ ಕೇಳಿಸ್ಕೊಂಡಿದೀನಿ."

ವಾಪಸು ಬರುವಾಗ ಅರ್ಮಿಂದು ಕಾರನ್ನು ಬಸ್ಸಿನ ಹಾಗೆ ನಿಧಾನ ಓಡಿಸಿದರು.

"ನನ್ನ ಮಗಳು ಸೆನ್ಯೋರ್ ಅರ್ಮಿಂದು."

"ಗೊತ್ತಮ್ಮ. ಅವಳ ಜ್ಞಾನಸ್ನಾನದ ದಿನ ನಿಮ್ಮ ಮಾವ ಮಾಡಿದ ವೈನ್ ಕುಡಿದು ಎರಡು ದಿನ ಹೊಟ್ಟೆ ಕೆಡಿಸ್ಕೊಂಡೋನು ನಾನು."

"ನಾನೇನು ಮಾಡಲಿ ಈಗ? ಮೇಲಿನ ಮನೆ ಖಾಲಿ ಇದೆ. ಮೂರು ಕೋಣೆ!"

"ಆ ಗುಟ್ಟು ನಮ್ಮದಲ್ಲ, ಅವಳದು. ಅವಳು ಮಾತಿಂದ ಬಿಡುಗಡೆ ಕೊಟ್ರೆ ಹೇಳಿ. ಇಲ್ಲಾಂದ್ರೆ ನಾವು ಇವತ್ತು ಒಂದು ಕೋಣೆ ನೋಡಿದ್ವಿ, ಒಬ್ಬ ಹೆಂಗಸನ್ನ ನೋಡಿದ್ವಿ, ಅಷ್ಟೇ."

ಆ ಸಂಜೆ ಫಿಲೊಮೆನಾ ಎಲೆಕೋಸಿನ ಸೂಪಿಗೆ ಆಲೂಗಡ್ಡೆ ಹಾಕುವುದನ್ನೇ ಮರೆತಳು.

"ಇದೇನಿದು, ಕೆರೆ ನೀರಾ?" ಎಂದರು ದೆವೊಲಿಂದಾ, ಚಮಚ ಅದ್ದಿ ಎತ್ತಿ. "ಶಾಲೆ ಅಡುಗೆಮನೇಲೂ ಮಕ್ಕಳಿಗೆ ಹೀಗೇ ಬಡಿಸ್ತೀಯಾ?"

"ಸುಸ್ತಾಗಿತ್ತು ಅತ್ತೆ."

"ಆಗದೆ ಇರುತ್ತಾ?" ಎಂದ ಗಿಲ್ಬರ್ಟು. "ಊರೋರ ಸಂಕಟ ಎಲ್ಲಾ ಹೊತ್ಕೊಂಡು ತಿರುಗಿದ್ರೆ."

"ಇನೇಸ್ ಫೋನ್ ಮಾಡಿದ್ಳಾ?" ಮುದುಕಿ ಬಿಡಲಿಲ್ಲ. "ಹಬ್ಬ ಬಂತು. ಮರಿಮಕ್ಕಳ ಮುಖ ನೋಡದೆ ಸಾಯ್ತೀನೋ ಏನೋ."

ಗಿಲ್ಬರ್ಟು ಬ್ರೆಡ್ಡು ಮುರಿಯುತ್ತಿದ್ದವನು ಕೈ ನಿಲ್ಲಿಸಿದ. ತಲೆ ಎತ್ತಲಿಲ್ಲ.

"ಮಾಡಿದ್ಳು. ಎಲ್ಲಾ ಚೆನ್ನಾಗಿದಾರಂತೆ," ಎಂದಳು ಫಿಲೊಮೆನಾ.

ಎರಡು ವಾರ ಹೀಗೇ ನಡೆಯಿತು. ಪ್ರತಿ ಶನಿವಾರ ಅವಳು ಅರ್ಮಿಂದು ಜೊತೆ ಮೋಟೆಲಿಗೆ ಹೋಗುತ್ತಿದ್ದಳು. ಸಂಘದ ಪೆಟ್ಟಿಗೆಯ ಮೇಲೆ ಮನೆಯದೂ ಒಂದೊಂದು ಸೇರುತ್ತಿತ್ತು: ಸಾಸೇಜಿನ ಒಂದು ಸುರುಳಿ, ಉಣ್ಣೆ ಹೊದಿಕೆ, ಕೆಮ್ಮಿಗೆ ಜೇನು. ಮನೆಯಿಂದ ಕೊಡಬಾರದೆಂಬ ನಿಯಮ ಅರ್ಮಿಂದುಗೆ ಗೊತ್ತಿತ್ತು. ಅವರು ಕಿಟಕಿಯ ಆಚೆ ನೋಡುತ್ತಿದ್ದರು.

ಮೇಲಿನ ಮನೆಯ ಚಿಕ್ಕ ಕೋಣೆಗೆ ಬಣ್ಣ ಬಳಿಯುವಾಗ ಅವಳು ಒಮ್ಮೆ ಬಾಯಿ ತೆಗೆದಳು.

"ಗಿಲ್ಬರ್ಟು, ಇದನ್ನ ಆ ವೆಲ್ಡರನಿಗೆ ಕೊಡಲೇಬೇಕಾ? ವಸಂತದ ತನಕ ಖಾಲಿ ಬಿಡೋಣ."

"ಯಾಕೆ?"

"ಸುಮ್ಮನೆ."

"ಸುಮ್ಮನೆ ಅನ್ನೋಕೆ ನಾವೇನು ಮಿಲ್ಲಿನ ಮಾಲೀಕರಾ?" ಅವನು ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದ. "ಗೊತ್ತು ನಂಗೆ. ನಿಮ್ಮ ಸಂಘದ ಯಾರನ್ನೋ ತಂದು ಕೂರಿಸ್ಬೇಕು ಅಂತ ಅಲ್ವಾ?"

ಅವಳು ನೆಲಕ್ಕೆ ಬಿದ್ದ ಬಣ್ಣದ ಹನಿ ಒರೆಸತೊಡಗಿದಳು.

"ಅಲ್ಲ ಅನ್ನು ನೋಡೋಣ."

"ಹೇಳೋಕಾಗಲ್ಲ."

"ನಂಗೂ? ಮೂವತ್ತೈದು ವರ್ಷ ಒಂದೇ ಹಾಸಿಗೇಲಿ ಮಲಗಿದೀವಿ. ಪಾದ್ರಿಯಾದ್ರೂ ಆಗಿದ್ರೆ ಒಪ್ಕೋತಿದ್ದೆ, ಪಾಪನಿವೇದನೆ ಗುಟ್ಟು ಅಂತ. ಶಾಲೆ ಅಡುಗೆಯೋಳಿಗೆ ಯಾರಮ್ಮ ಕೊಟ್ಟಿದ್ದು ಇಷ್ಟು ದೊಡ್ಡ ಬೀಗ?"

ಮೂರನೇ ಶನಿವಾರ ಅವಳು ಮಗಳ ಕಾಲಿಗೆ ಬೀಳುವುದೊಂದು ಬಾಕಿ.

"ಒಂದು ಮಾತು ಅನ್ನೇ. 'ಹೇಳು' ಅನ್ನು ಸಾಕು. ನಿಮ್ಮಪ್ಪ ಮೊದಲಿನ ಹಾಗಿಲ್ಲ."

"ಹಾಗಿದ್ರೆ ಏಳು ವರ್ಷದಲ್ಲಿ ಒಂದು ಸಲ ಫೋನ್ ಎತ್ತಬಹುದಿತ್ತಲ್ಲ?" ಇನೇಸ್ ಮಗಳ ಎದೆಗೆ ಮುಲಾಮು ಸವರುತ್ತಿದ್ದಳು. ಮಗುವಿನ ಉಸಿರಾಟದ ಗೊರಗೊರ ಕೋಣೆಯೆಲ್ಲ ಕೇಳುತ್ತಿತ್ತು. "'ನಾನು ಅವತ್ತೇ ಹೇಳಿದ್ದೆ' ಅಂತಾರೆ. ಕೈಲ್ ಮುಂದೆ ಅಂತಾರೆ. ಅದನ್ನ ಕೇಳಿಸ್ಕೊಂಡು ಆ ಮನೆ ಅನ್ನ ನನಗಿಳಿಯಲ್ಲ."

"ಮಗು ಕೆಮ್ಮು ನೋಡೇ!"

"ನೋಡ್ತಾನೇ ಇದೀನಮ್ಮ, ರಾತ್ರಿಯೆಲ್ಲ." ಇನೇಸ್ ತಲೆ ಎತ್ತಿದಳು. "ಒಂದು ಹೇಳ್ತೀನಿ. ಅಪ್ಪನಿಗೆ ಹೇಳಿದ್ರೆ ಮಾರನೇ ದಿನ ಈ ಕೋಣೆ ಖಾಲಿ ಇರುತ್ತೆ. ಎಲ್ಲಿಗೆ ಹೋದ್ವಿ ಅಂತ ನಿಂಗೂ ತಿಳಿಯಲ್ಲ, ನಿನ್ನ ಸಂಘಕ್ಕೂ ತಿಳಿಯಲ್ಲ."

ಆಡಿದ್ದನ್ನು ಮಾಡುವವಳೇ ಅವಳು. ಆ ವಿಷಯದಲ್ಲಿ ಪೂರಾ ಅಪ್ಪನ ಮಗಳು.

ಡಿಸೆಂಬರಿನ ಮೊದಲ ವಾರ ಸೆನ್ಯೋರ್ ಅರ್ಮಿಂದು ತಮ್ಮ ಮನೆಯ ಮುಂದಿನ ಹಿಮ ತೆಗೆಯಲು ಹೋಗಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಸಂಘದಲ್ಲಿ ಉಳಿದವರೆಲ್ಲ ಕ್ರಿಸ್‌ಮಸ್ ಬುಟ್ಟಿಗಳ ಕೆಲಸದಲ್ಲಿ ಮುಳುಗಿದ್ದರು. ಜೋಡಿಯಿಲ್ಲದೆ ಹೋಗುವಂತಿಲ್ಲ. ಶನಿವಾರ ಬೆಳಿಗ್ಗೆ ಫಿಲೊಮೆನಾ ಅಡುಗೆಮನೆಯಲ್ಲಿ ಪೆಟ್ಟಿಗೆ ತುಂಬಿ ಅದರ ಎದುರಿಗೇ ಕೂತಿದ್ದಳು. ಮರುದಿನ ಪೂಜೆ ಮುಗಿದ ಮೇಲೆ ವೆಲ್ಡರ್ ಬಂದು ಕೀಲಿಕೈ ತೆಗೆದುಕೊಳ್ಳುವವನಿದ್ದ.

ದೆವೊಲಿಂದಾ ಕೋಲೂರಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದವರೇ ಪೆಟ್ಟಿಗೆಯೊಳಗೆ ಇಣುಕಿದರು.

"ನನ್ನ ದೊಡ್ಡ ಪಾತ್ರೆ ಎಲ್ಲಿ ಅಂತ ಮೂರು ದಿನದಿಂದ ಹುಡುಕ್ತಿದೀನಿ. ಇಲ್ಲಿದೆ ನೋಡು! ಊರಿಂದ ಹಡಗಲ್ಲಿ ತಂದಿದ್ದು ಅದು. ನಾನಿನ್ನೂ ಸತ್ತಿಲ್ಲ, ಹಂಚೋಕೆ ಶುರು ಮಾಡಿದೀಯಾ?"

"ವಾಪಸ್ ತರ್ತೀನಿ ಅತ್ತೆ."

"ಹೊದಿಕೇನೂ ಹಾಗೇ ಅಂದಿದ್ದೆ," ಎಂದ ಗಿಲ್ಬರ್ಟು ಬಾಗಿಲಿಂದ. "ಇವತ್ತು ಒಬ್ಬಳೇ ಹೋಗ್ತೀಯಾ? ನಿಮ್ಮ ನಿಯಮ ಏನಾಯ್ತು?"

"ಅದಕ್ಕೇ ಕೂತಿದೀನಿ. ಜೋಡಿ ಸಿಕ್ಕಿಲ್ಲ."

"ನಾನು ಬರ್ತೀನಿ."

ಫಿಲೊಮೆನಾ ತಲೆ ಎತ್ತಿ ನೋಡಿದಳು. ಅವನು ಕೋಟಿಗೆ ಕೈ ಹಾಕಿಯಾಗಿತ್ತು.

"ಏನು ನೋಡ್ತೀಯ? ಮನೆ ಸಾಮಾನು ಒಂದೊಂದಾಗಿ ನಡ್ಕೊಂಡು ಹೋಗ್ತಿದೆ. ಯಾವ ಮಹಾರಾಣಿ ಉಣ್ತಿದಾಳೆ ಅಂತ ನಾನೂ ನೋಡಬೇಕು. ಬೇಡಾಂದ್ರೆ ಬೇಡ ಅನ್ನು."

ಬೇಡ ಎನ್ನಲು ಅವಳಿಗೆ ಬೇಕಾದಷ್ಟು ಹೊತ್ತಿತ್ತು. ಅವನು ಬೂಟಿನ ಲೇಸು ಕಟ್ಟಿದ, ಟೋಪಿ ಹುಡುಕಿದ, ಕಾರಿನ ಗಾಜಿನ ಮೇಲಿನ ಮಂಜು ಕೆರೆಯಲು ಕೆಳಗೆ ಹೋದ. ಕಾರು ಶುರುವಾದ ಸದ್ದು ಕೇಳಿಸಿತು. ಅವಳು ಪೆಟ್ಟಿಗೆ ಎತ್ತಿಕೊಂಡು ಇಳಿದಳು.

ದಾರಿಯಲ್ಲಿ ಅವಳು ಹೊಸಬರಿಗೆ ಹೇಳುವುದನ್ನೆಲ್ಲ ಹೇಳಿದಳು. "ಬಾಗಿಲಲ್ಲಿ ನಿಂತು ಒಳಗೆ ಬರಬಹುದಾ ಅಂತ ಕೇಳಬೇಕು. ಬೇಡ ಅಂದ್ರೆ ವಾಪಸ್ ಬರೋದು. ಯಾಕೆ ಹೀಗಾಯ್ತು ಅಂತ ಕೇಳಬಾರದು. ಏನು ಬೇಕು ಅಂತ ಮಾತ್ರ ಕೇಳು."

"ಕೋರ್ಟಿಗಿಂತ ಜಾಸ್ತಿ ಆಯ್ತಲ್ಲ ನಿಮ್ಮದು."

"ಮಾತು ಕೊಡು ಗಿಲ್ಬರ್ಟು."

"ಆಯ್ತು ಕಣೆ, ಕೊಟ್ಟೆ. ರಸ್ತೆ ನೋಡೋಕೆ ಬಿಡು."

ಹದಿನಾಲ್ಕನೇ ಕೋಣೆಯ ಮುಂದೆ ಪೆಟ್ಟಿಗೆ ಅವನ ಕೈಯಲ್ಲಿತ್ತು. ಫಿಲೊಮೆನಾ ಬಾಗಿಲು ಬಡಿದು ಒಂದು ಹೆಜ್ಜೆ ಹಿಂದೆ ಸರಿದಳು. ಬಾಗಿಲು ತೆರೆಯಿತು.

ಇನೇಸಳ ಕೈ ಚಿಲಕದ ಮೇಲೇ ನಿಂತಿತು. ಏಳು ವರ್ಷದಲ್ಲಿ ಅಪ್ಪನ ಮೀಸೆ ಪೂರಾ ಬೆಳ್ಳಗಾಗಿತ್ತು. ಅವಳ ಕೂದಲಲ್ಲೂ ಒಂದೆರಡು ಎಳೆ. ಅವನು ಮಗಳ ಮುಖ ನೋಡಿದ. ಅವಳ ಭುಜದಾಚೆ ಹಾಸಿಗೆ, ಕಾಲುಚೀಲ, ಸ್ನಾನದ ಮನೆಯ ಬೇಸಿನ್ನಿನ ಮೇಲಿಟ್ಟ ವಿದ್ಯುತ್ ಒಲೆ ನೋಡಿದ. ಹೊದಿಕೆಯೊಳಗಿಂದ ಕೆಮ್ಮುವ ಸದ್ದು ಬಂತು. ಅದು ಅವನ ಮನೆಯದೇ ಹೊದಿಕೆ.

ಬಾಗಿಲು ಮುಚ್ಚುತ್ತಾಳೆಂದೇ ಫಿಲೊಮೆನಾ ಅಂದುಕೊಂಡಳು. ಅರ್ಧ ಮುಚ್ಚಿಯೂ ಇತ್ತು.

ಗಿಲ್ಬರ್ಟು ಪೆಟ್ಟಿಗೆಯನ್ನು ಒಂದು ಕಂಕುಳಿಗೆ ಸರಿಸಿ, ಇನ್ನೊಂದು ಕೈಯಿಂದ ಟೋಪಿ ತೆಗೆದ.

"ಒಳಗೆ ಬರಬಹುದಾ?" ಎಂದ.

ಹೆದ್ದಾರಿಯಲ್ಲಿ ಲಾರಿಯೊಂದು ಹೋಯಿತು. ಇನೇಸ್ ಪಕ್ಕಕ್ಕೆ ಸರಿದಳು. ಕೂತ್ಕೊಳ್ಳಿ ಎನ್ನಲಿಲ್ಲ. ಅವನು ಕೂರಲೂ ಇಲ್ಲ. ಲೂಕಸ್ ಮಾತ್ರ ಹೊಸ ಮುಖ ನೋಡಿ, "ಈ ಸಲ ಬೇರೆ ತಾತ ಬಂದಿದಾರೆ!" ಎಂದ.

"ಏನು ಬೇಕಾಗಿತ್ತು?" ಗಿಲ್ಬರ್ಟುವಿಗೆ ದಾರಿಯಲ್ಲಿ ಕಲಿತ ಪಾಠ ಬಿಟ್ಟರೆ ಬೇರೆ ಮಾತು ತೋಚಿದಂತೆ ಕಾಣಲಿಲ್ಲ.

"ಹುಡುಗನಿಗೆ ಹಿಮದ ಬೂಟು," ಎಂದಳು ಇನೇಸ್ ಗೋಡೆಗೆ ಹೇಳುವಂತೆ. "ಚಿಕ್ಕೋಳಿಗೆ ಔಷಧಿ."

"ಮತ್ತೆ?"

"ಮತ್ತೇನಿಲ್ಲ."

"ಮೇಲಿನ ಮನೆ ಖಾಲಿ ಇದೆ. ಹೊಸ ಬಣ್ಣ. ಚಿಕ್ಕ ಕೋಣೆಗೆ ಬಿಸಿಲು ಬರುತ್ತೆ."

"ಕೈ ಚಾಚ್ಕೊಂಡು ಮೆಟ್ಟಿಲು ಹತ್ತಬೇಡ ಅಂದಿದ್ರಿ."

"ಅಂದಿದ್ದೆ."

"ಇವತ್ತು ಮರೆತುಹೋಯ್ತಾ?"

"ಮರೆತಿಲ್ಲ. ನೀನೆಲ್ಲಿ ಹತ್ತಿದೆ? ನಾನೇ ಇಳ್ಕೊಂಡು ಬಂದಿದೀನಲ್ಲ."

"ಕೈಲ್‌ಗೆ ಏನಾದ್ರೂ ಅಂದ್ರೆ—"

"ಅನ್ನಲ್ಲ."

"ಇವತ್ತು ಅನ್ನಲ್ಲ ಅಂತೀರ. ನಾಳೆ ಊಟಕ್ಕೆ ಕೂತಾಗ—"

"ಅನ್ನಲ್ಲ ಅಂದೆನಲ್ಲ!" ಅವನ ದನಿ ಹಳೆಯ ಗಿಲ್ಬರ್ಟುವಿನದೇ ಆಗಿ, ಮಗು ಬೆಚ್ಚಿತು. ಅವನು ಟೋಪಿಯನ್ನು ಹಿಂಡಿದ. "ಈ ಮಗುವನ್ನ ಹೊದಿಸಿ ಕೊಡು. ಮೊದಲು ಡಾಕ್ಟರ ಹತ್ರ ಹೋಗೋಣ. ಜಗಳ ಆಮೇಲೆ ಆಡೋಣ, ಮನೇಲಿ, ಬೆಚ್ಚಗೆ."

ಇನೇಸ್ ಮಗಳ ಹಣೆ ಮುಟ್ಟಿ ನೋಡಿದಳು. ಆಮೇಲೆ ರೋಸಾಳ ಕೋಟು ಹುಡುಕತೊಡಗಿದಳು. ಗುಂಡಿ ಹಾಕುತ್ತ, ಬೆನ್ನು ತಿರುಗಿಸಿಕೊಂಡೇ ಅಮ್ಮನಿಗೆ ಅಂದಳು: "ಮಾತು ಕೊಟ್ಟಿದ್ದೆ ನೀನು."

"ನಾನು ಒಂದಕ್ಷರ ಹೇಳಲಿಲ್ಲ ಇನೇಸ್. ನಿಮ್ಮಪ್ಪನ್ನೇ ಕೇಳು."

"ಹೇಳಲಿಲ್ಲ. ಕೈ ಹಿಡ್ಕೊಂಡು ಕರ್ಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿದೆ."

ಫಿಲೊಮೆನಾ ಬಗ್ಗಿ ಲೂಕಸನ ಪುಸ್ತಕಗಳನ್ನು ಜೋಡಿಸತೊಡಗಿದಳು.

ಅವರು ಗುರುವಾರ ಬಂದರು. ಕೈಲ್ ಒಂದೇ ಕೈಯಲ್ಲಿ ಮೂಟೆಗಳನ್ನು ಹೊತ್ತು ಮೂರು ಮಹಡಿ ಹತ್ತಿದ. ಗಿಲ್ಬರ್ಟು ಹಾಸಿಗೆಯ ಇನ್ನೊಂದು ತುದಿ ಹಿಡಿದ. ಇಬ್ಬರ ನಡುವೆ "ಈ ಕಡೆ", "ಜೋಪಾನ" ಬಿಟ್ಟರೆ ಮಾತಿಲ್ಲ. ಮಾತಿಗೆ ತಪ್ಪಿದನೆಂದು ವೆಲ್ಡರ್ ಕಾರ್ಖಾನೆಯಲ್ಲಿ ಎಲ್ಲರೆದುರು ಗಿಲ್ಬರ್ಟುವನ್ನು ಹಳಿದ. ಅವನು ಕೇಳಿಸಿಕೊಂಡು ಮನೆಗೆ ಬಂದು ಊಟ ಮಾಡಿದ.

ಒಂದು ವಾರ ಕಳೆಯುವಷ್ಟರಲ್ಲಿ ಮಕ್ಕಳು ಮೆಟ್ಟಿಲ ಮೇಲೆ ಧಡಬಡ ಓಡಾಡತೊಡಗಿದರು. ರೋಸಾಳ ಎದೆಯ ಗೊರಗೊರ ನಿಂತಿತು. ಇನೇಸ್ ಅಜ್ಜಿಯ ಮಂಡಿಗೆ ಎಣ್ಣೆ ತಿಕ್ಕಿದಳು, ಅಪ್ಪನೊಂದಿಗೆ ಒಲೆಯ ಬಗ್ಗೆ, ಕಿಟಕಿಯ ಸಂದಿನ ಬಗ್ಗೆ ವಾದ ಮಾಡಿದಳು. ಅಮ್ಮ ಬಂದರೆ ಮಾತ್ರ ಬಾಯಿ ಮುಚ್ಚುತ್ತಿದ್ದಳು. ಸೂಪು ಕಳಿಸಿದರೆ ಪಾತ್ರೆ ತೊಳೆದು ಮಗನ ಕೈಲಿ ವಾಪಸು ಬರುತ್ತಿತ್ತು.

"ಇದೆಂಥ ನ್ಯಾಯ?" ಎಂದರು ದೆವೊಲಿಂದಾ, ಬೀನ್ಸ್ ಬಿಡಿಸುತ್ತ. "ಹೊರಗೆ ಹಾಕಿದೋನ ಜೊತೆ ಮಾತಾಡ್ತಾಳೆ. ಏಳು ವರ್ಷ ಬ್ರೆಡ್ಡು ಹೊತ್ತೋಳ ಜೊತೆ ಇಲ್ಲ."

"ಅವರು ಅವಳಿಗೆ ಯಾವ ಮಾತೂ ಕೊಟ್ಟಿರಲಿಲ್ಲ ಅತ್ತೆ."

"ಒಳ್ಳೇದೇ ಆಯ್ತಲ್ಲ, ಮಗು ಉಳೀತಲ್ಲ."

"ಆಯ್ತು. ಅದು ಬೇರೆ, ಇದು ಬೇರೆ."

ಮುಂದಿನ ಮಂಗಳವಾರ ಸಂಘದ ಸಭೆಯಲ್ಲಿ, ಪ್ರಾರ್ಥನೆಯಾದ ಮೇಲೆ, ಫಿಲೊಮೆನಾ ಎದ್ದು ನಿಂತಳು. ಊರುಗೋಲಿಟ್ಟುಕೊಂಡು ಕೂತಿದ್ದ ಸೆನ್ಯೋರ್ ಅರ್ಮಿಂದು ಬೇಡ ಎಂಬಂತೆ ಕಣ್ಣಲ್ಲೇ ತಡೆದರು. ಅವಳು ನಿಲ್ಲಿಸಲಿಲ್ಲ. ಯಾರ ಹೆಸರನ್ನೂ ಎತ್ತದೆ, ಒಂದು ಮನೆಯವರು ಬೇಡವೆಂದರೂ ತಾನು ಅವರ ಬಾಗಿಲಿಗೆ ಇನ್ನೊಬ್ಬರನ್ನು ಬೇಕೆಂದೇ ಕರೆದೊಯ್ದೆ ಎಂದಳು.

"ನೀವು ಬಾಯಿಬಿಟ್ಟು ಹೇಳಲಿಲ್ಲವಲ್ಲ," ಎಂದಳು ಹೊಸ ಅಧ್ಯಕ್ಷೆ ನೇಲಿಯಾ, ಕಿರಿಯಳು, ಮೃದು ಮನಸ್ಸಿನವಳು. "ಅದು ತಪ್ಪು ಹೇಗಾಗುತ್ತೆ? ನಾಳೆ ಮತ್ತೆ ಬೇಕಾಗಿ ಬಂದ್ರೆ ನೀವು ಹಾಗೆ ಮಾಡಲ್ಲ ತಾನೇ?"

"ಮಾಡ್ತೀನಿ," ಎಂದಳು ಫಿಲೊಮೆನಾ. "ಅದಕ್ಕೇ ಚೀಟಿ ಇನ್ನು ನನ್ನ ಕೈಗೆ ಕೊಡಬೇಡಿ."

ಅವಳಿಗೆ ಡಬ್ಬಿಗಳ ಕೆಲಸ ಕೊಟ್ಟರು. ಬಟಾಣಿ ಒಂದು ಕಡೆ, ಟೊಮೆಟೊ ಒಂದು ಕಡೆ, ತಾರೀಕು ಮೀರಿದ್ದು ಕಸಕ್ಕೆ.

ಕೊಟ್ಟ ಮಾತನ್ನು ಅವಳು ಇಪ್ಪತ್ತೆರಡು ವರ್ಷ ಉಳಿಸಿಕೊಂಡಿದ್ದಳು. ಡಿಸೆಂಬರಿನ ಮೊದಲ ಶನಿವಾರ ಮುರಿದಳು.